ಹಿತ್ತಿಲ ಕೊಳ: ನೀರಿನ ದಾರಿಯೇ ಫಿಲ್ಟರ್

ಹಿತ್ತಿಲಲ್ಲೋ ಮುಂದಿನ ಕೈತೋಟದಲ್ಲೋ ಒಂದು ಕೊಳ ಮಾಡಿಸಲು ಹೊರಟವರು ಮೊದಲು ಕೇಳುವುದು ಯಾವ ಫಿಲ್ಟರ್ ಒಳ್ಳೆಯದು ಎಂದು. ಅಕ್ವೇರಿಯಂ ಅಂಗಡಿಯಲ್ಲಿ ಉತ್ತರವೂ ಸಿದ್ಧವಿರುತ್ತದೆ: ಇಷ್ಟು ಸಾವಿರ ಲೀಟರಿಗೆ ಈ ಡಬ್ಬಿ, ಅದಕ್ಕೊಂದು ಪಂಪು, ನೀರು ಹಸಿರಾದರೆ ಒಂದು ಯುವಿ ದೀಪ. ಅಷ್ಟು ಹೊತ್ತಿಗೆ ಗಾರೆಯವರು ಗುಂಡಿ ತೋಡಿ, ಕಾಂಕ್ರೀಟ್ ಹಾಕಿ, ವಾಟರ್‌ಪ್ರೂಫಿಂಗ್ ಮುಗಿಸಿರುತ್ತಾರೆ. ಕೊಳದ ತಳದಿಂದ ಒಂದು ಪೈಪು ಹೊರಗೆ ಹೋಗಬೇಕಿತ್ತು ಎಂಬುದು ಹೊಳೆಯುವುದು ಮೀನು ಬಿಟ್ಟ ಕೆಲವು ತಿಂಗಳ ಮೇಲೆ, ತಳದಲ್ಲಿ ಕಪ್ಪು ಕೆಸರು ಕೂತಾಗ.

ಕೊಳದ ನೀರನ್ನು ತಿಳಿಯಾಗಿಡುವ ವಿದ್ಯೆ ಮೂರು ಕಡೆಯಿಂದ ಬೆಳೆದು ಬಂದಿದೆ. ಒಂದು, ಕೊಯಿ ಸಾಕುವವರದು. ಜಪಾನಿನ ನೀಗಾತಾ ಪ್ರಾಂತ್ಯದ ಗುಡ್ಡಗಾಡಿನ ರೈತರು ಬೆಳೆಸಿದ ಬಣ್ಣದ ಕಾರ್ಪ್ ಮೀನುಗಳು 1914ರ ಟೋಕಿಯೊ ಪ್ರದರ್ಶನದಲ್ಲಿ ಹೆಸರು ಮಾಡಿದವು. ಅವನ್ನು ಮನೆಯಂಗಳದ ಕೊಳಕ್ಕೆ ತಂದವರು ತಳದ ಡ್ರೈನ್, ಸಾಲು ತೊಟ್ಟಿಗಳ ಫಿಲ್ಟರ್ ಮುಂತಾದ್ದನ್ನು ರೂಢಿಗೆ ತಂದರು. ಎರಡು, ಅದೇ ನೀರನ್ನು ತಿರುಗಿಸಿ ಬಳಸುವ ಮೀನು ಸಾಕಣೆಯ ಎಂಜಿನಿಯರಿಂಗ್. ಎಷ್ಟು ತಿಂಡಿಗೆ ಎಷ್ಟು ಫಿಲ್ಟರ್ ಎಂಬ ಲೆಕ್ಕ ಬಂದದ್ದು ಅಲ್ಲಿಂದ. ಮೂರು, 1980ರ ದಶಕದಲ್ಲಿ ಆಸ್ಟ್ರಿಯಾದಲ್ಲಿ ಶುರುವಾದ ಕ್ಲೋರಿನ್ ಇಲ್ಲದ ಈಜುಕೊಳಗಳು. ಗಿಡದ ಬೇರು ಮತ್ತು ಜಲ್ಲಿಯ ಮೂಲಕ ನೀರನ್ನು ಶುದ್ಧ ಮಾಡುವ ಕ್ರಮ ಅವುಗಳದು. ಮೂರೂ ಸಂಪ್ರದಾಯಗಳು ಬೇರೆ ಬೇರೆ ಮಾತಾಡಿದರೂ ಒಂದು ವಿಷಯದಲ್ಲಿ ಕೂಡುತ್ತವೆ: ಕೊಳೆ ಒಡೆಯುವ ಮೊದಲೇ ಅದನ್ನು ಹೊರಗೆ ಸಾಗಿಸುವ ದಾರಿ ಮೊದಲು, ಡಬ್ಬಿ ಆಮೇಲೆ.

ಮಾತು ಗಾಳಿಯಲ್ಲಿ ತೇಲದಿರಲು ಒಂದು ಕೊಳವನ್ನು ಇಟ್ಟುಕೊಳ್ಳೋಣ. ಬೆಂಗಳೂರಿನ ಒಂದು ಮನೆ. 4 ಮೀಟರ್ ಉದ್ದ, 2.5 ಮೀಟರ್ ಅಗಲ, 1 ಮೀಟರ್ ಆಳ. ಅಂದರೆ 10,000 ಲೀಟರ್ ನೀರು.

ನೀರೊಳಗೆ ನಡೆಯುವುದೇನು

ಮೀನು ತಿಂದ ಪ್ರೋಟೀನಿನ ಸಾರಜನಕದಲ್ಲಿ ಬಹುಪಾಲು ಕಿವಿರಿನ ಮೂಲಕ ಅಮೋನಿಯಾ ಆಗಿ ನೀರಿಗೆ ಬರುತ್ತದೆ. ಶೇಕಡಾ 35 ಪ್ರೋಟೀನ್ ಇರುವ ತಿಂಡಿ ಒಂದು ಕಿಲೋ ಹಾಕಿದರೆ ಸುಮಾರು 32 ಗ್ರಾಂ ಅಮೋನಿಯಾ ಸಾರಜನಕ ಹುಟ್ಟುತ್ತದೆ ಎಂಬುದು ಮೀನು ಸಾಕಣೆಯವರ ಲೆಕ್ಕ. ನಮ್ಮ ಕೊಳಕ್ಕೆ ದಿನಕ್ಕೆ 50 ಗ್ರಾಂ ತಿಂಡಿ ಬಿದ್ದರೆ 1.6 ಗ್ರಾಂ. ಕೇಳಲು ಚೂರೇ. ಆದರೆ ಹೊರಗೆ ಹೋಗುವ ದಾರಿಯಿಲ್ಲದ ನೀರಿನಲ್ಲಿ ಅದು ದಿನದಿಂದ ದಿನಕ್ಕೆ ಕೂಡುತ್ತಾ ಹೋಗುತ್ತದೆ.

ಈ ಅಮೋನಿಯಾ ಎಷ್ಟು ವಿಷ ಎಂಬುದು ನೀರಿನ ಪಿಎಚ್ ಮೇಲೆ ನಿಂತಿದೆ. 25 ಡಿಗ್ರಿ ಸೆಲ್ಸಿಯಸ್‌ನಲ್ಲಿ ಪಿಎಚ್ 7 ಇದ್ದರೆ ಅದರ ವಿಷರೂಪ ಶೇಕಡಾ 0.6ರಷ್ಟು ಮಾತ್ರ, ಪಿಎಚ್ 8ಕ್ಕೆ ಶೇಕಡಾ 5 ದಾಟುತ್ತದೆ, 9ಕ್ಕೆ ಮೂರನೇ ಒಂದು ಭಾಗಕ್ಕಿಂತ ಹೆಚ್ಚು. ಪಾಚಿಗಟ್ಟಿದ ಹಸಿರು ಕೊಳದಲ್ಲಿ ಮಧ್ಯಾಹ್ನ ಪಿಎಚ್ ಏರುವುದರಿಂದ, ಬೆಳಗ್ಗೆ ಪರೀಕ್ಷೆ ಮಾಡಿ ನಿಶ್ಚಿಂತರಾದವರ ಮೀನು ಸಂಜೆ ತತ್ತರಿಸುವುದುಂಟು. ಹೊಸ ಸಿಮೆಂಟ್ ತೊಟ್ಟಿಯಲ್ಲಿ ಸುಣ್ಣದಂಶ ಬಿಟ್ಟುಕೊಂಡೂ ಪಿಎಚ್ ಏರುತ್ತದೆ. ನೀರು ತುಂಬಿಸಿ ಕೆಲವು ಸಲ ಖಾಲಿ ಮಾಡದೆ, ಅಥವಾ ಲೇಪನ ಕೊಡದೆ ಮೀನು ಬಿಡುವುದು ತಪ್ಪು.

ಅಮೋನಿಯಾವನ್ನು ಮೊದಲು ನೈಟ್ರೈಟ್, ಆಮೇಲೆ ನೈಟ್ರೇಟ್ ಮಾಡುವ ಬ್ಯಾಕ್ಟೀರಿಯಾಗಳನ್ನು ಸೆರ್ಗೆಯ್ ವಿನೊಗ್ರಾಡ್‌ಸ್ಕಿ 1890ರ ಹೊತ್ತಿಗೇ ತೋರಿಸಿಕೊಟ್ಟಿದ್ದರು. ಎರಡೂ ಹಂತವನ್ನು ಒಂದೇ ಜೀವಿ ಮಾಡಬಲ್ಲದು ಎಂದು ತಿಳಿದದ್ದು 2015ರಲ್ಲಿ. ಈ ಜೀವಿಗಳು ಯಾವುದಾದರೂ ಮೇಲ್ಮೈಗೆ ಅಂಟಿಕೊಂಡು ಬೆಳೆಯುತ್ತವೆ. ಹೊಸ ಕೊಳದಲ್ಲಿ ನೆಲೆಯೂರಲು ನಾಲ್ಕರಿಂದ ಆರು ವಾರ ಬೇಕು. ಒಂದು ಗ್ರಾಂ ಅಮೋನಿಯಾ ಸಾರಜನಕವನ್ನು ತಿನ್ನಲು ಅವಕ್ಕೆ ಸುಮಾರು 4.6 ಗ್ರಾಂ ಆಮ್ಲಜನಕ, 7 ಗ್ರಾಂಗೂ ಮಿಕ್ಕಿ ಕ್ಷಾರ ಬೇಕಾಗುತ್ತದೆ.

ಈ ಎರಡು ಅಂಕಿ ನಮ್ಮೂರಿನಲ್ಲಿ ಮುಖ್ಯ. ಬೆಂಗಳೂರು ಸಮುದ್ರಮಟ್ಟದಿಂದ 900 ಮೀಟರಿಗೂ ಎತ್ತರದಲ್ಲಿರುವುದರಿಂದ ಗಾಳಿಯ ಒತ್ತಡ ಹತ್ತನೇ ಒಂದು ಪಾಲು ಕಡಿಮೆ; 25 ಡಿಗ್ರಿಯ ನೀರು ಸಮುದ್ರಮಟ್ಟದಲ್ಲಿ ಲೀಟರಿಗೆ 8.3 ಮಿಲಿಗ್ರಾಂ ಆಮ್ಲಜನಕ ಹಿಡಿದರೆ ಇಲ್ಲಿ ಹಿಡಿಯುವುದು ಏಳೂವರೆಗೂ ಒಂದಿಷ್ಟು ಕಡಿಮೆ. ಕ್ಷಾರದ ವಿಷಯಕ್ಕೆ ಬಂದರೆ, ಬೋರ್‌ವೆಲ್ಲಿನ ಗಡಸು ನೀರನ್ನು ಬೈಯುವವರು ಕೊಳದ ಮಟ್ಟಿಗೆ ಅದಕ್ಕೆ ಕೃತಜ್ಞರಾಗಿರಬೇಕು. ಬರೀ ಮಳೆ ನೀರು ತುಂಬಿದ ಕೊಳದಲ್ಲಿ ಕ್ಷಾರವೇ ಇರುವುದಿಲ್ಲ. ಬ್ಯಾಕ್ಟೀರಿಯಾ ಇದ್ದಬದ್ದದ್ದನ್ನು ತಿಂದು ಮುಗಿಸಿದ ಮೇಲೆ ಪಿಎಚ್ ಕುಸಿದು, ಫಿಲ್ಟರ್ ಕೆಲಸ ನಿಲ್ಲಿಸುತ್ತದೆ. ಒಂದು ಚೀಲ ಚಿಪ್ಪಿನ ಚೂರನ್ನೋ ಸುಣ್ಣದ ಕಲ್ಲಿನ ಜಲ್ಲಿಯನ್ನೋ ನೀರು ಹರಿಯುವಲ್ಲಿ ಇಟ್ಟರೆ ಈ ಕೊರತೆ ನೀಗುತ್ತದೆ.

ಈಗ ಅಂಗಡಿಯವರು ಹೇಳದ ಒಂದು ಲೆಕ್ಕ. ಬ್ಯಾಕ್ಟೀರಿಯಾ ಅಂಟಿಕೊಳ್ಳಲೆಂದು ಫಿಲ್ಟರಿಗೆ ತುಂಬುವ ವಸ್ತುವಿಗೆ ಮಾಧ್ಯಮ ಎನ್ನುತ್ತಾರೆ. ಅವು ಚೆನ್ನಾಗಿ ನೆಲೆಯೂರಿದ ಮಾಧ್ಯಮದ ಒಂದು ಚದರ ಮೀಟರ್ ಮೇಲ್ಮೈ ದಿನಕ್ಕೆ 0.3 ಗ್ರಾಂ ಅಮೋನಿಯಾ ಸಾರಜನಕ ತಿನ್ನುತ್ತದೆ ಎಂದುಕೊಂಡರೂ 1.6 ಗ್ರಾಂಗೆ ಐದೂವರೆ ಚದರ ಮೀಟರ್ ಸಾಕು. 1980ರ ದಶಕದ ಕೊನೆಯಲ್ಲಿ ನಾರ್ವೆಯಲ್ಲಿ ರೂಪುಗೊಂಡ, ನೀರಲ್ಲಿ ಗಿರಗಿರ ಸುತ್ತುವ ಪ್ಲಾಸ್ಟಿಕ್ ಚಕ್ರಗಳ ಮಾಧ್ಯಮದಲ್ಲಿ ಒಂದು ಘನ ಮೀಟರಿಗೆ 500 ಚದರ ಮೀಟರ್ ಮೇಲ್ಮೈ ಇರುತ್ತದೆ. ಆ ಲೆಕ್ಕಕ್ಕೆ 11 ಲೀಟರ್ ಮಾಧ್ಯಮ ಸಾಕಾಯಿತು. ಹೆಚ್ಚಿಗೆ ಇರಲೆಂದು ನಾಲ್ಕೈದು ಪಟ್ಟು ಹಾಕಿದರೂ ಅರ್ಧ ಡ್ರಮ್ ತುಂಬುವುದಿಲ್ಲ. ಹಾಗಿದ್ದೂ ದೊಡ್ಡ ದೊಡ್ಡ ಫಿಲ್ಟರುಗಳು ಸೋಲುವುದೇಕೆ? ಅವು ಕೊಳೆಯಿಂದ ಮುಚ್ಚಿಹೋಗುತ್ತವೆ, ಅದಕ್ಕೆ. ಕೊಳದ ನಿಜವಾದ ಸವಾಲು ಘನ ಕಸ: ಮೀನಿನ ಹಿಕ್ಕೆ, ಉಳಿದ ತಿಂಡಿ, ಉದುರಿದ ಎಲೆ.

ಪಂಪಿಗಿಂತ ಮೊದಲೋ ಆಮೇಲೋ

ಘನ ಕಸ ತೆಗೆಯುವ ವಿಚಾರದಲ್ಲಿ ಎರಡು ಪಂಥಗಳಿವೆ. ಒಂದರಲ್ಲಿ ಪಂಪು ಕೊಳದೊಳಗೇ ಕೂತು ನೀರನ್ನು ಫಿಲ್ಟರಿಗೆ ತಳ್ಳುತ್ತದೆ. ಅಗ್ಗ, ಸುಲಭ, ಕಟ್ಟಿ ಮುಗಿದ ಕೊಳಕ್ಕೂ ಸೇರಿಸಬಹುದು. ಅದರ ದೋಷ ಪಂಪಿನ ಇಂಪೆಲ್ಲರ್‌ನಲ್ಲಿದೆ. ಇಡಿಯಾಗಿ ಬಂದ ಹಿಕ್ಕೆ ಅದರಲ್ಲಿ ಮಿಕ್ಸಿಗೆ ಹಾಕಿದಂತೆ ನುಣ್ಣಗಾಗಿ ಹೊರಬರುತ್ತದೆ. ಆ ಮೇಲೆ ಅದನ್ನು ಹಿಡಿಯಲು ಒತ್ತಾದ ಸ್ಪಂಜು ಬೇಕು, ಸ್ಪಂಜು ಬೇಗ ಕಟ್ಟಿಕೊಳ್ಳುತ್ತದೆ, ವಾರಕ್ಕೊಮ್ಮೆ ಹಿಂಡಿ ತೊಳೆಯಬೇಕು.

ಇನ್ನೊಂದರಲ್ಲಿ ನೀರು ತಾನಾಗಿ ಹರಿಯುತ್ತದೆ. ಕೊಳದ ತಳ ನಡುವಿಗೆ ಇಳಿಜಾರಾಗಿರುತ್ತದೆ. ಅಲ್ಲಿ ಮುಚ್ಚಳವಿರುವ ಡ್ರೈನ್. ಅಲ್ಲಿಂದ 110 ಮಿ.ಮೀ. ಪೈಪು ಕಾಂಕ್ರೀಟಿನಡಿಯಲ್ಲಿ ಹಾದು ಪಕ್ಕದ ತೊಟ್ಟಿಗೆ ಸೇರುತ್ತದೆ. ಕೊಳದ ಮಟ್ಟವೂ ತೊಟ್ಟಿಯ ಮಟ್ಟವೂ ಒಂದೇ. ಕೊನೆಯ ತೊಟ್ಟಿಯಿಂದ ಪಂಪು ನೀರೆತ್ತಿದಾಗ ಅಲ್ಲಿ ಮಟ್ಟ ಕೆಲವು ಸೆಂಟಿಮೀಟರ್ ಇಳಿಯುತ್ತದೆ, ಆ ಇಳಿತವೇ ಕೊಳದ ತಳದ ನೀರನ್ನು ಎಳೆದು ತರುತ್ತದೆ. ಕಸ ಇಡಿಯಾಗಿ ಬರುತ್ತದೆ, ಪಂಪಿಗೆ ಹೋಗುವುದು ಸೋಸಿದ ನೀರು ಮಾತ್ರ.

ಈ ಕ್ರಮದ ಇನ್ನೊಂದು ಗುಣ ಅಪಾಯ ಬಂದಾಗ ಗೊತ್ತಾಗುತ್ತದೆ. ತಳದಲ್ಲಿ ಪಂಪು ಇಟ್ಟ ಕೊಳದಲ್ಲಿ ಹೊರಗಿನ ಪೈಪು ಬಿಟ್ಟುಕೊಂಡರೆ ರಾತ್ರಿ ಕಳೆಯುವುದರೊಳಗೆ ಕೊಳ ಖಾಲಿ. ಕೊನೆಯ ತೊಟ್ಟಿಯಲ್ಲಿ ಪಂಪು ಇದ್ದು, ಅದಕ್ಕೆ ನೀರು ಕಡಿಮೆಯಾದರೆ ನಿಲ್ಲುವ ಫ್ಲೋಟ್ ಸ್ವಿಚ್ ಹಾಕಿದ್ದರೆ ಕೊಳದಲ್ಲಿ ನೀರುಳಿಯುತ್ತದೆ. ಮರಳಿ ಬರುವ ಪೈಪಿನ ಬಾಯಿ ನೀರೊಳಗೆ ಮುಳುಗಿದ್ದರೆ ಕರೆಂಟು ಹೋದಾಗ ಸೈಫನ್ ಆಗಿ ನೀರು ಹಿಂದಕ್ಕೆ ಹರಿಯದಂತೆ ನೀರಿನ ಮಟ್ಟದ ಬಳಿ ಒಂದು ಸಣ್ಣ ತೂತು ಕೊರೆಯಬೇಕು.

ಮೇಲೆ ತೇಲುವ ಎಲೆ, ಹೂವು, ಎಣ್ಣೆಪದರಕ್ಕೆ ಸ್ಕಿಮ್ಮರ್ ಬೇರೆ ಬೇಕು. ಅಮೆರಿಕದಲ್ಲಿ ಜನಪ್ರಿಯವಾದ ಮಾದರಿಯಲ್ಲಿ ತಳದ ಡ್ರೈನ್ ಇಲ್ಲದೆ, ಒಂದು ಕಡೆ ಸ್ಕಿಮ್ಮರ್, ಎದುರಿಗೆ ಜಲಪಾತದ ಪೆಟ್ಟಿಗೆ, ತಳದಲ್ಲಿ ಬೆಣಚುಕಲ್ಲು ಇರುತ್ತವೆ. ನೋಟಕ್ಕೆ ತೊರೆಯಂತೆ ಸೊಗಸು. ಕಡಿಮೆ ಮೀನು, ಹೆಚ್ಚು ಗಿಡ ಇದ್ದರೆ ನಡೆಯುತ್ತದೆ. ಕೊಯಿ ಸಾಕುವವರು ಮಾತ್ರ ಕಲ್ಲಿನ ಸಂದಿಯಲ್ಲಿ ಕೂರುವ ಕೆಸರನ್ನು ಒಪ್ಪುವುದಿಲ್ಲ, ಅದಕ್ಕೆ ಕಾರಣವೂ ಇದೆ: ಮಣ್ಣು ಕೆದಕುವ ಮೀನು ಅದನ್ನು ದಿನವಿಡೀ ಮೇಲೆಬ್ಬಿಸುತ್ತದೆ, ಆಮ್ಲಜನಕ ತಲುಪದ ಕೆಸರು ಕೊಳೆತು ನಾರುತ್ತದೆ.

ಪೈಪಿನ ಲೆಕ್ಕ

ಮೀನು ತುಂಬಿದ ಕೊಳದ ನೀರೆಲ್ಲ ಒಂದರಿಂದ ಎರಡು ಗಂಟೆಗೊಮ್ಮೆ ಫಿಲ್ಟರ್ ಸುತ್ತಿ ಬರಬೇಕೆಂಬುದು ಸಾಮಾನ್ಯ ನಿಯಮ. ನಮ್ಮ ಕೊಳಕ್ಕೆ ಹೆಚ್ಚೆಂದರೆ ಗಂಟೆಗೆ 10,000 ಲೀಟರ್. ಮನೆಯ ನಲ್ಲಿ ಕೆಲಸಕ್ಕೆ ಒಗ್ಗಿದ ಪ್ಲಂಬರ್ ಕೈ ಸಹಜವಾಗಿ ಒಂದಿಂಚಿನ ಪೈಪಿಗೆ ಹೋಗುತ್ತದೆ. 10 ಮೀಟರ್ ಉದ್ದದ ಪೈಪಿನಲ್ಲಿ ಇಷ್ಟು ನೀರು ಸಾಗಿಸಲು ಘರ್ಷಣೆಗೆ ಕಳೆಯುವ ಒತ್ತಡ ಹೀಗೆ: ಒಳವ್ಯಾಸ 25 ಮಿ.ಮೀ. ಇದ್ದರೆ 11 ಮೀಟರಿಗೂ ಹೆಚ್ಚು, 38 ಮಿ.ಮೀ. ಇದ್ದರೆ ಸುಮಾರು ಒಂದೂವರೆ ಮೀಟರ್, 50 ಮಿ.ಮೀ. ಇದ್ದರೆ ಬರೀ 40 ಸೆಂಟಿಮೀಟರ್. ನೀರು ಅಷ್ಟೇ, ಉದ್ದ ಅಷ್ಟೇ. ಪೈಪಿನ ವ್ಯಾಸ ಎರಡು ಪಟ್ಟಾದರೆ ಘರ್ಷಣೆ ಮೂವತ್ತರಲ್ಲೊಂದು ಪಾಲಿನ ಹತ್ತಿರಕ್ಕೆ ಇಳಿಯುತ್ತದೆ. ಪೈಪಿಗೆ ಒಮ್ಮೆ ಕೊಡುವ ಹೆಚ್ಚಿನ ಹಣವನ್ನು ಕರೆಂಟ್ ಬಿಲ್ ತಿಂಗಳು ತಿಂಗಳೂ ತೀರಿಸುತ್ತದೆ.

ಹಾಗೆಂದು ತಳದ ಪೈಪನ್ನು ಎಷ್ಟು ಬೇಕಾದರೂ ಅಗಲ ಮಾಡುವಂತಿಲ್ಲ. 110 ಮಿ.ಮೀ. ಪೈಪಿನಲ್ಲಿ ಈ ನೀರು ಸೆಕೆಂಡಿಗೆ ಸುಮಾರು 34 ಸೆಂಟಿಮೀಟರ್ ವೇಗದಲ್ಲಿ ಹರಿಯುತ್ತದೆ. ಕಸ ದಾರಿಯಲ್ಲೇ ಕೂರದೆ ಸಾಗಲು ಆ ಮಾತ್ರದ ವೇಗ ಬೇಕು. ಎರಡು ಡ್ರೈನ್ ಇದ್ದರೆ ಎರಡಕ್ಕೂ ಬೇರೆ ಬೇರೆ ಪೈಪು, ಬೇರೆ ಬೇರೆ ವಾಲ್ವ್. ಟೀ ಹಾಕಿ ಒಂದು ಮಾಡಿದರೆ ಹತ್ತಿರದ ಡ್ರೈನ್ ಮಾತ್ರ ಎಳೆಯುತ್ತದೆ, ದೂರದ್ದು ಕಟ್ಟಿಕೊಳ್ಳುತ್ತದೆ. ಲಂಬಕೋನದ ಎಲ್ಬೊ ಬದಲು ಉದ್ದನೆಯ ಬೆಂಡ್ ಹಾಕಬೇಕು. ಕಾಂಕ್ರೀಟಿನಡಿ ಹೋಗುವ ಭಾಗಕ್ಕೆ ರಬ್ಬರ್ ರಿಂಗಿನ ಕೊಳಚೆ ಪೈಪಿಗಿಂತ ಅಂಟು ಹಾಕಿ ಕೂಡಿಸುವ ಪ್ರೆಷರ್ ಪೈಪು ಲೇಸು. ಹೊರಗಿರುವ ಪಂಪಿನ ಎರಡೂ ಕಡೆ ಯೂನಿಯನ್, ವಾಲ್ವ್ ಇದ್ದರೆ ರಿಪೇರಿಗೆ ಪೈಪು ಕೊಯ್ಯಬೇಕಾಗುವುದಿಲ್ಲ.

ಪಂಪಿನ ಆಯ್ಕೆಯಲ್ಲಿ ನಮ್ಮಲ್ಲಿ ನಡೆಯುವ ದೊಡ್ಡ ಎಡವಟ್ಟು ಸಂಪಿನಿಂದ ಮಾಳಿಗೆ ಟ್ಯಾಂಕಿಗೆ ನೀರೇರಿಸುವ ಅರ್ಧ ಎಚ್‌ಪಿ ಮೊನೊಬ್ಲಾಕನ್ನೇ ಇಲ್ಲಿಗೂ ತರುವುದು. ಅದು ಸ್ವಲ್ಪ ನೀರನ್ನು ಬಹಳ ಎತ್ತರಕ್ಕೆ ಏರಿಸಲು ಮಾಡಿದ ಯಂತ್ರ. ಕೊಳಕ್ಕೆ ಬೇಕಾದದ್ದು ಬಹಳ ನೀರನ್ನು ಸ್ವಲ್ಪವೇ ಎತ್ತರಕ್ಕೆ ತರುವುದು. ಗಂಟೆಗೆ 10,000 ಲೀಟರನ್ನು 2 ಮೀಟರ್ ಎತ್ತಲು ಬೇಕಾದ ಶುದ್ಧ ಶಕ್ತಿ ಸುಮಾರು 55 ವಾಟ್. ಪಂಪಿನ ನಷ್ಟ ಸೇರಿ 130-140 ವಾಟ್ ಎಳೆದರೂ ಹಗಲು ರಾತ್ರಿ ಓಡಿ ತಿಂಗಳಿಗೆ ನೂರು ಯೂನಿಟ್ ಆಸುಪಾಸು. 500 ವಾಟ್ ಎಳೆಯುವ ಮೊನೊಬ್ಲಾಕ್ ಹಾಗೇ ಓಡಿದರೆ 360 ಯೂನಿಟ್. ಬಿಲ್ಲಿಗೆ ಹೆದರಿ ರಾತ್ರಿ ಪಂಪು ಆರಿಸುವವರಿದ್ದಾರೆ. ಪಾಚಿ ಮತ್ತು ಗಿಡ ಆಮ್ಲಜನಕ ಕೊಡದೆ ತಾವೇ ಬಳಸುವ ಹೊತ್ತೂ ಅದೇ ಆದ್ದರಿಂದ ಮೀನು ಸಾಯುವುದು ನಸುಕಿನಲ್ಲಿ.

ಕರೆಂಟು ಹೋಗುವುದನ್ನು ಲೆಕ್ಕಕ್ಕೆ ಇಟ್ಟುಕೊಂಡೇ ಕಟ್ಟಬೇಕು. ಮುಚ್ಚಿದ ಪ್ರೆಷರ್ ಫಿಲ್ಟರಿನಲ್ಲಿ ಹರಿವು ನಿಂತರೆ ಕೆಲವೇ ಗಂಟೆಗಳಲ್ಲಿ ಆಮ್ಲಜನಕ ತೀರಿ ಬ್ಯಾಕ್ಟೀರಿಯಾ ಸಾಯಲು ತೊಡಗುತ್ತವೆ. ಕರೆಂಟು ಬಂದಾಗ ಆ ಕೊಳೆತ ನೀರೇ ಮೊದಲು ಕೊಳಕ್ಕೆ ನುಗ್ಗುತ್ತದೆ. ತೆರೆದ ತೊಟ್ಟಿಗಳು ಇದನ್ನು ಹೆಚ್ಚು ತಾಳಿಕೊಳ್ಳುತ್ತವೆ. ಇನ್ವರ್ಟರಿಗೆ ಕಟ್ಟಿದ ಒಂದು ಸಣ್ಣ ಏರ್ ಪಂಪು ಮೀನನ್ನೂ ಬ್ಯಾಕ್ಟೀರಿಯಾವನ್ನೂ ಉಳಿಸುತ್ತದೆ. ನೀರೊಳಗಿನ ಯಾವುದೇ ವಿದ್ಯುತ್ ಸಾಧನಕ್ಕೂ ಸರಿಯಾದ ಅರ್ಥಿಂಗ್ ಮತ್ತು ಕರೆಂಟು ಸೋರಿದೊಡನೆ ಕಡಿದುಹಾಕುವ 30 ಮಿಲಿಆಂಪಿಯರಿನ ಆರ್‌ಸಿಸಿಬಿ ಇರಲೇಬೇಕು. ಮಕ್ಕಳು ಕೈಯಾಡಿಸುವ ನೀರು ಅದು.

ಕಸ ಹಿಡಿಯುವ ಬಗೆಗಳು

ಎಲ್ಲಕ್ಕಿಂತ ಹಳೆಯದು ನೀರನ್ನು ನಿಧಾನ ಮಾಡಿ ಕಸ ತಳ ಸೇರುವಂತೆ ಮಾಡುವುದು. ವಿಜಯಪುರದ ಆದಿಲ್‌ಶಾಹಿಗಳ ನೀರು ಸರಬರಾಜಿನಲ್ಲಿ ಪೈಪಿನ ದಾರಿಯುದ್ದಕ್ಕೂ ನಿಂತಿರುವ ಗಂಜ್ ಎಂಬ ಗೋಪುರಗಳು ಇದನ್ನೇ ಮಾಡುತ್ತಿದ್ದವು: ಹರಿವಿನ ಒತ್ತಡ ಇಳಿಸುವುದು, ಹೂಳನ್ನು ತಳಕ್ಕೆ ಬಿಡುವುದು. ಕೊಳದ ಮಟ್ಟಿಗೆ ಲೆಕ್ಕ ಹೀಗೆ. 200 ಲೀಟರಿನ ಡ್ರಮ್ಮಿನಲ್ಲಿ ನಮ್ಮ ಹರಿವು ಸೆಕೆಂಡಿಗೆ ಒಂದು ಸೆಂಟಿಮೀಟರಿಗೂ ಹೆಚ್ಚು ವೇಗದಲ್ಲಿ ಮೇಲೇರುತ್ತದೆ. ಇಡಿ ಹಿಕ್ಕೆ ಮುಳುಗುವ ವೇಗವೂ ಅದರ ಆಸುಪಾಸಿನದೇ, ಹಾಗಾಗಿ ಅರ್ಧ ಕಸ ಕೊಚ್ಚಿಹೋಗುತ್ತದೆ. ಅದೇ 1,000 ಲೀಟರಿನ ನೀರಿನ ಟ್ಯಾಂಕಾದರೆ ಏರುವ ವೇಗ ಸುಮಾರು 3 ಮಿಲಿಮೀಟರಿಗೆ ಇಳಿಯುತ್ತದೆ. ಜಾಗವಿದ್ದರೆ ಇದರಷ್ಟು ಅಗ್ಗದ, ಕೆಡದ ಸಾಧನ ಇನ್ನೊಂದಿಲ್ಲ. ತಳದಲ್ಲಿ ವಾಲ್ವ್ ಇಟ್ಟು ಒಂದೆರಡು ದಿನಕ್ಕೊಮ್ಮೆ ಕೆಸರು ಬಿಡಬೇಕು. ಅಲ್ಲೇ ಕೂತ ಕಸ ಇನ್ನೂ ಕೊಳದ ನೀರಿನಲ್ಲೇ ಇದೆ ಎಂಬುದನ್ನು ಮರೆಯಬಾರದು.

ಜಾಗವಿಲ್ಲದವರಿಗೆ ಜರಡಿ. 200-300 ಮೈಕ್ರಾನಿನ ಬಾಗಿದ ಸ್ಟೀಲ್ ಜರಡಿಯ ಮೇಲೆ ನೀರು ಜಾರುತ್ತದೆ, ಕಸ ಕೆಳಗೆ ಸರಿಯುತ್ತದೆ. ಇದರ ಮೇಲಿನ ಹಂತ ತಿರುಗುವ ಡ್ರಮ್ ಫಿಲ್ಟರ್: ಇನ್ನೂ ಸಣ್ಣ ಕಣ್ಣಿನ ಬಲೆ, ಕಟ್ಟಿಕೊಂಡೊಡನೆ ತಾನೇ ತೊಳೆದುಕೊಂಡು ಕಸವನ್ನು ಹೊರಗೆಸೆಯುತ್ತದೆ. ಮೀನು ಸಾಕಣೆ ಘಟಕಗಳಿಂದ ಬಂದ ಈ ಯಂತ್ರ ಮನೆಗೆ ದುಬಾರಿ. ಅಮೆರಿಕದ ಲೂಸಿಯಾನ ಸ್ಟೇಟ್ ವಿಶ್ವವಿದ್ಯಾಲಯದಲ್ಲಿ ರೊನಾಲ್ಡ್ ಮಲೋನ್ ಅಭಿವೃದ್ಧಿಪಡಿಸಿದ ತೇಲುವ ಮಣಿಗಳ ಫಿಲ್ಟರ್ ಕಸ ಹಿಡಿಯುವುದನ್ನೂ ಬ್ಯಾಕ್ಟೀರಿಯಾ ಬೆಳೆಸುವುದನ್ನೂ ಒಂದೇ ಪಾತ್ರೆಯಲ್ಲಿ ಮಾಡುತ್ತದೆ, ಆದರೆ ಅದಕ್ಕೆ ಒತ್ತಡದ ಪಂಪು ಬೇಕು.

ನಮ್ಮ ಕಡೆ ಸುಲಭವಾಗಿ ಸಿಗುತ್ತದೆಂದು ಈಜುಕೊಳದ ಮರಳು ಫಿಲ್ಟರ್ ಕೊಳಕ್ಕೂ ಬರುತ್ತದೆ. ಕ್ಲೋರಿನ್ ಹಾಕಿದ ನೀರಿಗಾಗಿ ಮಾಡಿದ್ದು ಅದು. ಮೀನಿನ ಕೊಳದಲ್ಲಿ ಮರಳಿನ ಕಣಗಳಿಗೆ ಜೀವಾಣುಗಳ ಲೋಳೆ ಹತ್ತಿ ಗಂಟುಕಟ್ಟುತ್ತದೆ, ನೀರು ಸಂದಿಯಲ್ಲಿ ಕಾಲುವೆ ಕೊರೆದು ಸೋಸದೆ ದಾಟುತ್ತದೆ, ಬ್ಯಾಕ್‌ವಾಶ್‌ಗೆ ನೂರಾರು ಲೀಟರ್ ಹೋಗುತ್ತದೆ. ನಮ್ಮ ಪ್ಲಂಬರುಗಳಿಗೆ ಗೊತ್ತಿರುವ ಫಿಲ್ಟರ್ ಎಂಬುದೊಂದೇ ಅದರ ಪರವಾದ ವಾದ.

ಕಸ ಕಳೆದ ಮೇಲಿನ ಜೈವಿಕ ತೊಟ್ಟಿಗೆ ಸುತ್ತುವ ಪ್ಲಾಸ್ಟಿಕ್ ಚಕ್ರಗಳು, ಮ್ಯಾಟ್, ಸಚ್ಛಿದ್ರ ಕಲ್ಲು ಯಾವುದಾದರೂ ಆದೀತು. ತೊಳೆಯಲು ಬರುವಂತಿರಬೇಕು, ಕೆಳಗಿನಿಂದ ಗಾಳಿ ಸಿಗಬೇಕು. ತೊಳೆಯುವಾಗ ಕೊಳದ ನೀರನ್ನೇ ಬಳಸಬೇಕು. ನಲ್ಲಿಯ ಕ್ಲೋರಿನ್ ನೀರು ಹಾಯಿಸಿದರೆ ವಾರಗಟ್ಟಲೆ ಬೆಳೆದ ಬ್ಯಾಕ್ಟೀರಿಯಾ ಒಂದೇ ಗಳಿಗೆಯಲ್ಲಿ ನಾಶ.

ಗಿಡದ ದಾರಿ, ಹಸಿರು ನೀರು

ಬ್ಯಾಕ್ಟೀರಿಯಾ ಕೊನೆಗೆ ಕೊಡುವುದು ನೈಟ್ರೇಟ್. ಅದನ್ನು ಮುಗಿಸುವವು ಗಿಡಗಳು. ಕೊಳದ ಪಕ್ಕದಲ್ಲಿ ಅದರ ವಿಸ್ತೀರ್ಣದ ಶೇಕಡಾ ಹತ್ತರಿಂದ ಮೂವತ್ತರಷ್ಟು ಜಾಗದಲ್ಲಿ ಜಲ್ಲಿ ತುಂಬಿದ ತೊಟ್ಟಿ ಮಾಡಿ, ತಳದಲ್ಲಿ ತೂತಿನ ಪೈಪು ಹರಡಿ, ನೀರು ಕೆಳಗಿನಿಂದ ಮೇಲಕ್ಕೆ ಉಕ್ಕುವಂತೆ ಮಾಡಿದರೆ ಅದೇ ಫಿಲ್ಟರ್. ನಮ್ಮ ಹವೆಯಲ್ಲಿ ಇದಕ್ಕೆ ದೊಡ್ಡ ಅನುಕೂಲವಿದೆ: ಯುರೋಪಿನಲ್ಲಿ ಚಳಿಗೆ ಗಿಡ ಮಲಗುತ್ತದೆ, ಇಲ್ಲಿ ವರ್ಷವಿಡೀ ಬೆಳೆಯುತ್ತದೆ. ಕಾಬಾಳೆ, ಕೆಸು, ಬಜೆ, ಲಾವಂಚ, ಜೊಂಡು ಎಲ್ಲವೂ ಒಗ್ಗುತ್ತವೆ. ಎರಡು ಎಚ್ಚರಿಕೆ ಮಾತ್ರ. ಕಸ ತೆಗೆಯದ ನೀರನ್ನು ನೇರ ಬಿಟ್ಟರೆ ಜಲ್ಲಿ ಕೆಲವು ವರ್ಷಗಳಲ್ಲಿ ಹೂತುಹೋಗುತ್ತದೆ, ಆದ್ದರಿಂದ ಮೊದಲು ಸೋಸಿ, ಪೈಪಿನ ತುದಿಗೆ ತೊಳೆಯುವ ಬಾಯಿ ಇಡಬೇಕು. ಬೆಳೆದ ಗಿಡವನ್ನು ಕೊಯ್ದು ಹೊರಹಾಕದೆ ಅಲ್ಲೇ ಕೊಳೆಯಲು ಬಿಟ್ಟರೆ ಹೀರಿದ್ದೆಲ್ಲ ವಾಪಸು ನೀರಿಗೇ ಬರುತ್ತದೆ. ಅಂತರಗಂಗೆಯಂಥ ತೇಲುವ ಗಿಡವೂ ನೈಟ್ರೇಟ್ ಹೀರುವುದರಲ್ಲಿ ಚುರುಕು, ಆದರೆ ಕೈತಪ್ಪಿ ಕೆರೆ ಸೇರದಂತೆ ನೋಡಿಕೊಳ್ಳಬೇಕು.

ಯುವಿ ದೀಪದ ಬಗ್ಗೆ ಇರುವಷ್ಟು ತಪ್ಪು ತಿಳಿವಳಿಕೆ ಬೇರಾವುದರ ಬಗ್ಗೆಯೂ ಇಲ್ಲ. ದೀಪದ ಮುಂದೆ ಹಾದುಹೋಗುವ ತೇಲು ಪಾಚಿಯನ್ನು ಅದು ಕೊಲ್ಲುತ್ತದೆ. ಗೋಡೆಗೆ ಅಂಟಿದ ಎಳೆ ಪಾಚಿಗೂ ಅಮೋನಿಯಾಕ್ಕೂ ಅದರಿಂದ ಏನೂ ಆಗದು. ದೀಪ ಉರಿಯುತ್ತಿರುವಂತೆ ಕಂಡರೂ ವರ್ಷದೊಳಗೆ ಅದರ ಯುವಿ ಶಕ್ತಿ ಕುಂದುವುದರಿಂದ ಬದಲಿಸಬೇಕು. ಹಸಿರು ನೀರು ಹೆಚ್ಚು ಬಿಸಿಲು, ಹೆಚ್ಚು ತಿಂಡಿ, ಕಡಿಮೆ ಗಿಡದ ಫಲ. ಕೊಳದ ಅರ್ಧದಷ್ಟಾದರೂ ತಾವರೆ, ನೈದಿಲೆ ಎಲೆಯ ನೆರಳಿನಲ್ಲಿದ್ದರೆ ಎಷ್ಟೋ ಕಡೆ ದೀಪದ ಅಗತ್ಯವೇ ಬೀಳುವುದಿಲ್ಲ.

ನೀರು ಎಲ್ಲಿಂದ, ಎಲ್ಲಿಗೆ

2024ರ ಮಾರ್ಚ್‌ನ ಬರದಲ್ಲಿ ಬೆಂಗಳೂರು ಜಲಮಂಡಳಿ ಕುಡಿಯುವ ನೀರನ್ನು ಕಾರು ತೊಳೆಯಲು, ತೋಟಕ್ಕೆ, ಕಾರಂಜಿಗೆ ಬಳಸುವುದನ್ನು ನಿಷೇಧಿಸಿ, ಮೀರಿದರೆ 5,000 ರೂಪಾಯಿ ದಂಡ ಗೊತ್ತುಮಾಡಿತು. ಅಂಥ ಊರಿನಲ್ಲಿ ಕೊಳ ಕಟ್ಟುವವರು ನೀರಿನ ಲೆಕ್ಕ ಒಪ್ಪಿಸಲು ಸಿದ್ಧರಿರಬೇಕು. ನಮ್ಮ ಕೊಳದ ಮೇಲ್ಮೈ 10 ಚದರ ಮೀಟರ್. ಬೇಸಿಗೆಯಲ್ಲಿ ದಿನಕ್ಕೆ 5 ಮಿ.ಮೀ. ಆವಿಯಾದರೆ 50 ಲೀಟರ್. ಕೆಸರು ಬಿಡುವುದು, ನೀರು ಬದಲಿಸುವುದು ಸೇರಿ ವಾರಕ್ಕೆ ಹತ್ತನೇ ಒಂದು ಪಾಲು ಎಂದರೆ 1,000 ಲೀಟರ್. ಇದನ್ನು ಚರಂಡಿಗೆ ಬಿಟ್ಟರೆ ದುಂದು. ಬಾಳೆ, ಕೆಸು, ಹೂಗಿಡದ ಪಾತಿಗೆ ಹರಿಯುವಂತೆ ಮೊದಲೇ ಪೈಪು ಹಾಕಿದರೆ ತೋಟಕ್ಕೆ ಹೇಗೂ ಬೇಕಾದ ನೀರು ಗೊಬ್ಬರದ ಸಮೇತ ಸಿಕ್ಕಂತೆ. ತುಂಬಿಸಲು 2009ರಿಂದ ನಗರದಲ್ಲಿ ನಿಗದಿತ ಅಳತೆಯ ನಿವೇಶನಗಳಿಗೆ ಕಡ್ಡಾಯವಾಗಿರುವ ಮಳೆನೀರು ಸಂಗ್ರಹದ ಟ್ಯಾಂಕೇ ಇದೆ, ಕ್ಷಾರದ ಎಚ್ಚರಿಕೆಯೊಡನೆ.

ನೀರು ದಿನಕ್ಕೆ 5 ಮಿ.ಮೀ.ಗಿಂತ ಬೇಗ ಇಳಿಯುತ್ತಿದ್ದರೆ ಸೋರಿಕೆಯೋ ಆವಿಯೋ ಎಂದು ತಿಳಿಯಲು ಕೊಳದ ಮೆಟ್ಟಿಲ ಮೇಲೆ ಒಂದು ಬಕೆಟ್ ತುಂಬಿಸಿಟ್ಟು ಎರಡೂ ಮಟ್ಟಕ್ಕೆ ಗುರುತು ಹಾಕಿ ನೋಡಬೇಕು. ಬಕೆಟ್ಟಿಗಿಂತ ಕೊಳ ಬೇಗ ಇಳಿದರೆ ಎಲ್ಲೋ ತೂತಿದೆ.

ಸೊಳ್ಳೆಯ ಪ್ರಶ್ನೆ ನೆರೆಹೊರೆಯವರಿಂದಲೇ ಬರುತ್ತದೆ. 2024ರ ಸೆಪ್ಟೆಂಬರಿನಲ್ಲಿ ರಾಜ್ಯ ಸರ್ಕಾರ ಡೆಂಗಿಯನ್ನು ಸಾಂಕ್ರಾಮಿಕ ರೋಗವೆಂದು ಘೋಷಿಸಿದ ಮೇಲೆ ಅದು ಸಹಜವೂ ಹೌದು. ಮೀನಿದ್ದು ನೀರು ಅಲುಗುತ್ತಿರುವ ಕೊಳದಲ್ಲಿ ಈಡಿಸ್ ಸೊಳ್ಳೆ ಬೆಳೆಯುವುದು ಕಷ್ಟ. ಅದು ಬೆಳೆಯುವುದು ಮೀನು ತಲುಪದ ಮೂಲೆಗಳಲ್ಲಿ: ಸ್ಕಿಮ್ಮರಿನ ಬುಟ್ಟಿ, ನಿಲ್ಲಿಸಿಟ್ಟ ಫಿಲ್ಟರ್ ತೊಟ್ಟಿ, ಪಕ್ಕದ ಕುಂಡ. ಜಲ್ಲಿ ತೊಟ್ಟಿಯಲ್ಲಿ ನೀರು ಜಲ್ಲಿಯ ಮೇಲ್ಮೈಯಿಂದ ಕೆಳಗೇ ನಿಲ್ಲುವಂತೆ ಮಾಡುವುದು, ತೊಟ್ಟಿಗಳಿಗೆ ಮುಚ್ಚಳ ಹಾಕುವುದು ವಿನ್ಯಾಸದಲ್ಲೇ ಸೇರಬೇಕು.

ಯಾರಿಗೆ ಯಾವುದು

ತಾವರೆ, ನೈದಿಲೆ, ತಿಂಡಿ ಹಾಕದೆ ಬದುಕುವ ಒಂದಷ್ಟು ಸಣ್ಣ ಮೀನು ಸಾಕೆನ್ನುವವರಿಗೆ ಪಂಪೂ ಬೇಡ, ಫಿಲ್ಟರೂ ಬೇಡ. ಹೊರಗಿನಿಂದ ತಿಂಡಿ ಬೀಳದ ಕೊಳದಲ್ಲಿ ಗಿಡವೇ ಲೆಕ್ಕ ಸರಿದೂಗಿಸುತ್ತದೆ. ಹತ್ತಾರು ಗೋಲ್ಡ್ ಫಿಶ್, ಒಂದು ಪುಟ್ಟ ಜಲಪಾತ ಬಯಸುವವರಿಗೆ ಸ್ಕಿಮ್ಮರ್, ನೀರು ತಿಳಿಗೊಳಿಸುವ ಒಂದು ತೊಟ್ಟಿ, ಜಲ್ಲಿ-ಗಿಡದ ತೊಟ್ಟಿ ಸಾಕು. ಕೊಯಿ ಸಾಕುವವರಿಗೆ ಮಾತ್ರ ಇನ್ನೂ ಆಳದ ಕೊಳ, ತಳದ ಡ್ರೈನ್, ತಾನೇ ಹರಿಯುವ ಪೈಪು, ದೊಡ್ಡ ಟ್ಯಾಂಕು ಅಥವಾ ಜರಡಿ, ಗಾಳಿ ಇರುವ ಜೈವಿಕ ತೊಟ್ಟಿ ಇವೆಲ್ಲ ಅನಿವಾರ್ಯ. ಕೊಯಿ ಎರಡಡಿ ಬೆಳೆಯುವ ಮೀನು. ಬೆರಳುದ್ದದ ಮರಿ ಎಣಿಸಿ ಫಿಲ್ಟರ್ ಅಳೆಯುವುದರಲ್ಲಿ ಅರ್ಥವಿಲ್ಲ.

ಹಣ ಸೀಮಿತವಿದ್ದಾಗ ಯಾವುದಕ್ಕೆ ಮೊದಲು ಎಂಬ ಪ್ರಶ್ನೆಗೆ ಉತ್ತರ ಇಲ್ಲಿಂದಲೇ ಸಿಗುತ್ತದೆ. ಪಂಪನ್ನು ಮುಂದಿನ ವರ್ಷ ಬದಲಿಸಬಹುದು, ಮಾಧ್ಯಮವನ್ನು ಯಾವಾಗ ಬೇಕಾದರೂ ಸೇರಿಸಬಹುದು, ಯುವಿ ದೀಪ ಇಲ್ಲದೆಯೂ ನಡೆದೀತು. ಕಾಂಕ್ರೀಟಿನಡಿಯ ಡ್ರೈನ್, ತಳದ ಇಳಿಜಾರು, ತೊಟ್ಟಿಯ ಮಟ್ಟ, ಕೆಸರು ನೀರು ತೋಟಕ್ಕೆ ಹೋಗುವ ದಾರಿ ಈ ನಾಲ್ಕನ್ನು ಕೊಳ ಒಡೆಯದೆ ಬದಲಿಸಲು ಬರುವುದಿಲ್ಲ. ಆದ್ದರಿಂದ ಮೊದಲ ರೂಪಾಯಿ ಹೂತುಹೋಗುವ ಕೆಲಸಕ್ಕೆ, ಮೊದಲ ಮಾತುಕತೆ ಗಾರೆಯವರ ಮತ್ತು ಪ್ಲಂಬರ್ ಜೊತೆಗೆ. ಫಿಲ್ಟರ್ ಮಾರುವವರ ಸರದಿ ಕೊನೆಗೆ ಬಂದರೆ ಸಾಕು.